ಜೀಪಿನ ಗಾಲಿ ನಟ್ಟು ಸಡಿಲಾಗ್ತಿತ್ತು: ಐದು ಮದ್ದು ಹಚ್ಚಿ ನೋಡಿದೆ

ಮಳಖೇಡದಿಂದ ಕಲಬುರಗಿಗೆ ವಾಪಸ್ ಬರ್ತಿದ್ದೆ. ಎಡಗಡೆ ಹಿಂದಿನ ಗಾಲಿಯಿಂದ ಟಕ್ ಟಕ್ ಅಂತ ಸದ್ದು. ನಿಧಾನ ಹೋದರೆ ಚೆನ್ನಾಗಿ ಕೇಳಿಸ್ತದೆ, ಜೋರು ಹೋದರೆ ಗಾಳಿ ಸದ್ದಲ್ಲಿ ಮುಳುಗಿಹೋಗ್ತದೆ. ಇಳಿದು ಕೈ ಹಾಕಿದರೆ, ಐದು ನಟ್ಟಿನಲ್ಲಿ ಎರಡು ಬರೀ ಬೆರಳಿಗೇ ತಿರುಗಿದವು. ಪಕ್ಕದಲ್ಲೇ ಸಿಮೆಂಟ್ ಲಾರಿಗಳು ಭರ್ರೆಂದು ಹೋಗ್ತಿದ್ದವು. ಆವತ್ತು ಬೆವರಿದ್ದು ಬಿಸಿಲಿಗಷ್ಟೇ ಅಲ್ಲ.

ಗಾಡಿ ಹಳೆ ಮಹೀಂದ್ರ ಜೀಪು. ಮೂಲ ಗಾಲಿ ತೆಗೆದು ಅಗಲದ ಉಕ್ಕಿನ ರಿಮ್ ಹಾಕಿಸಿದ್ದೆ. ಅದಕ್ಕೆ ದಪ್ಪಗೆ ಕಪ್ಪು ಪೌಡರ್ ಕೋಟಿಂಗ್ ಬಣ್ಣ, ಮೇಲೆ ಹೊಳೆಯೋ ಹೊಸ ಕ್ರೋಮ್ ನಟ್ಟು. ಸುಮ್ನೆ ಶೋಕಿ. ಅಮೆರಿಕದಲ್ಲಿ ಹಳೆ ಕಾರನ್ನು ತಿದ್ದಿ ಜೋರು ಓಡೋ ಹಾಟ್ ರಾಡ್ ಕಟ್ಟೋರು 1940ರಿಂದ 1948ರವರೆಗಿನ ಫೋರ್ಡ್ ಕಾರಿನ ಗಾಲಿ ನಟ್ಟು ಸಡಿಲಾಗ್ತದೆ ಅಂತ ಗುದ್ದಾಡ್ತಾರೆ. ಆ ಗಾಲಿಗೂ ಜೀಪಿನ ಗಾಲಿಗೂ ಬೋಲ್ಟಿನ ಅಳತೆ ಒಂದೇ: ಐದು ಬೋಲ್ಟು, ಐದೂವರೆ ಇಂಚಿನ ವೃತ್ತ. ತಲೆನೋವೂ ಒಂದೇ ಅಂತ ಆಮೇಲೆ ಗೊತ್ತಾಯ್ತು.

ಮೊದಲು ಸಿಕ್ಕ ಮದ್ದು ಪೈಪು. ಪಂಕ್ಚರ್ ಅಂಗಡಿ ಹುಡುಗ ಪಾನಾಕ್ಕೆ ಉದ್ದನೆ ಪೈಪ್ ತೂರಿಸಿದ. "ಒಂದ್ ಸಲ ಜಗ್ಗಿ ಬಿಗಿದ್ರ ಮುಗೀತ್ರಿ ಅಣ್ಣಾರ, ಅಪ್ಪನಾಣಿ ಬಿಚ್ಚಂಗಿಲ್ಲ" ಅಂದ. ಲೆಕ್ಕ ಹಾಕಿ ನೋಡಿ. ಒಂದು ಮೀಟರ್ ಪೈಪಿನ ತುದಿ ಮೇಲೆ 70 ಕೆಜಿ ಮನುಷ್ಯ ನಿಂತರೆ ಹೆಚ್ಚುಕಡಿಮೆ 700 ನ್ಯೂಟನ್ ಮೀಟರ್ ತಿರುಚು ಬಲ. ಅರ್ಧ ಇಂಚಿನ ಸ್ಟಡ್ಡಿಗೆ, ಅಂದರೆ ನಟ್ಟು ಕೂರೋ ಬೋಲ್ಟಿಗೆ, ಬೇಕಾದದ್ದು 100ರಿಂದ 110. ಸ್ಟಡ್ ಅನ್ನೋದು ಗಟ್ಟಿ ಸ್ಪ್ರಿಂಗ್ ಇದ್ದಂಗೆ. ಬಿಗಿದಾಗ ಕೂದಲೆಳೆಯಷ್ಟು ಹಿಗ್ಗಿ, ಆ ಎಳೆತದಲ್ಲೇ ಗಾಲಿಯನ್ನು ಹಬ್ಬಿಗೆ (ಗಾಲಿ ಕೂರೋ ನಡುಭಾಗ, ಹಬ್) ಒತ್ತಿ ಹಿಡೀತದೆ. ಅತಿಯಾಗಿ ಎಳೆದರೆ ಹಿಗ್ಗಿದ್ದು ವಾಪಸ್ ಬರೋದಿಲ್ಲ. ನನಗೆ ಒಂದು ಸ್ಟಡ್ಡಿನ ತ್ರೆಡ್ ಹಾಳಾಗಿ ಹೊಸದು ಹಾಕಿಸಬೇಕಾಯ್ತು. ಉಳಿದ ನಟ್ಟುಗಳು ವಾರದಲ್ಲಿ ಮತ್ತೆ ಸಡಿಲ.

ಎರಡನೇದು ಸ್ಪ್ರಿಂಗ್ ವಾಷರ್. ಇದಕ್ಕಿಂತ ಕೆಟ್ಟ ಸಲಹೆ ನಾನು ಕೇಳಿಲ್ಲ. ಜೀಪಿನ ಗಾಲಿಯನ್ನು ಸರಿಯಾಗಿ ನಡುವಿಗೆ ತಂದು ಕೂರಿಸೋದೇ ನಟ್ಟಿನ ಬುಡದ ಇಳಿಜಾರು. ನಡುವೆ ವಾಷರ್ ಬಂದರೆ ಆ ಇಳಿಜಾರು ತೂತಿಗೆ ತಾಗೋದೇ ಇಲ್ಲ. ಓಣಿ ತಿರುವಿನವರೆಗೆ ಹೋಗಿ ವಾಪಸ್ ಬಂದು ಬಿಚ್ಚಿ ಹಾಕಿದೆ.

ಡಬಲ್ ನಟ್ಟಿಗೆ ನನ್ನ ಸ್ಟಡ್ಡಿನ ಉದ್ದವೇ ಸಾಲಲಿಲ್ಲ. ಎರಡನೇ ನಟ್ಟು ಮೂರು ಸುತ್ತಿಗೆ ನಿಂತುಬಿಡ್ತು. ಅದನ್ನು ನಂಬಿ ರೋಡಿಗೆ ಇಳಿಯೋಕೆ ನನಗೆ ಧೈರ್ಯ ಬರಲಿಲ್ಲ.

ನಾಲ್ಕನೇದು ನೀಲಿ ಲಾಕ್‌ಟೈಟ್, ತ್ರೆಡ್ಡಿಗೆ ಹಚ್ಚೋ ಅಂಟು. ನಿಜ ಹೇಳ್ತೀನಿ, ಇದರ ಮೇಲೆ ನನಗೆ ಭಾರಿ ಭರವಸೆ ಇತ್ತು. ಎಣ್ಣೆ ಒರೆಸಿ, ಎರಡು ಹನಿ ಬಿಟ್ಟು, ಒಂದು ದಿನ ಗಾಡಿ ಮುಟ್ಟಲಿಲ್ಲ. ನಟ್ಟಿನಿಂದ ರಿಮ್ಮಿನವರೆಗೆ ಮಗಳ ನೇಲ್ ಪಾಲಿಶ್‌ನಲ್ಲಿ ಒಂದೊಂದು ಗೆರೆ ಎಳೆದೆ. 200 ಕಿಲೋಮೀಟರ್ ಆದಮೇಲೆ ನೋಡಿದರೆ ಗೆರೆ ಒಂದಿಷ್ಟೂ ಸರಿದಿಲ್ಲ. ಗೆದ್ದೆ ಅಂದುಕೊಂಡೆ. ಆದರೆ ಸೇಡಂ ರಸ್ತೆಯಲ್ಲಿ ಮತ್ತೆ ಅದೇ ಟಕ್ ಟಕ್! ನಟ್ಟು ತಿರುಗಿಲ್ಲ, ಗಾಲಿ ಮಾತ್ರ ಸಡಿಲ. ಅಂಟು ತ್ರೆಡ್ಡನ್ನು ಹಿಡಿದಿತ್ತು ಅಷ್ಟೇ. ನಟ್ಟಿನ ಕೆಳಗೆ ಏನು ಕರಗ್ತಿದೆ ಅಂತ ಅದಕ್ಕೇನು ಗೊತ್ತು? ಇದರ ಮೇಲೆ ಪಂಕ್ಚರ್ ಆದರಂತೂ ಪ್ರತಿ ಸಲ ತ್ರೆಡ್ ಉಜ್ಜಿ ಹೊಸದಾಗಿ ಹಚ್ಚಬೇಕು. ಮೇ ತಿಂಗಳ 42 ಡಿಗ್ರಿಯಲ್ಲಿ ರೋಡಿನ ಬದಿ ಕೂತು ಯಾರು ಮಾಡ್ತಾರೆ?

ಕೊನೆಗೆ ಒಬ್ಬ ಹಳೆ ಉಸ್ತಾದರ ಹತ್ತಿರ ಹೋದೆ. ಅವರು ಪಾನಾ ಕೂಡ ಹಿಡಿಯಲಿಲ್ಲ. "ನಟ್ಟಿಗ್ಯಾಕ ಬೈತೀರಿ ಸಾಹೇಬ್ರ, ಅದರ ಬುಡ ನೋಡ್ರಿ" ಅಂದು ಗಾಲಿ ಬಿಚ್ಚಿಸಿದರು.

ರಿಮ್ಮಿನ ತೂತಿನ ಸುತ್ತ ಪೌಡರ್ ಕೋಟಿಂಗ್ ಅರೆದು ಜೋಳದ ಹಿಟ್ಟಿನಷ್ಟು ನುಣ್ಣಗಾಗಿತ್ತು. ಅದರಲ್ಲಿ ತುಕ್ಕಿನ ಕೆಂಪು ಬೆರೆತಿತ್ತು. ಹಬ್ಬಿಗೆ ತಾಗೋ ಬೆನ್ನಿನ ಕಡೆಯೂ ಬಣ್ಣ ಚಕ್ಕೆಚಕ್ಕೆ ಎದ್ದಿತ್ತು. ಇನ್ನು ನನ್ನ ಕ್ರೋಮ್ ನಟ್ಟು? ಅದರ ಬುಡ ಗೋಲಿಯಂತೆ ದುಂಡಗೆ. ರಿಮ್ಮಿನ ತೂತು ಮಾತ್ರ ಆಲಿಕೆಯಂತೆ ನೆಟ್ಟನೆ ಇಳಿಜಾರು. ಎರಡೂ ಒಂದು ತೆಳು ಗೆರೆಯಲ್ಲಿ ಮಾತ್ರ ಮುಟ್ಟಿದ್ದವು, ಆ ಗೆರೆ ನಟ್ಟಿನ ಮೇಲೆ ಬೆಳ್ಳಿ ಉಂಗುರದಂತೆ ಹೊಳೀತಿತ್ತು. ಬಣ್ಣ ಪುಡಿಯಾಗಿ ಉದುರಿದಷ್ಟೂ ಸ್ಟಡ್ಡಿನ ಎಳೆತ ಕಮ್ಮಿ ಆಗ್ತಾ ಹೋಗಿದೆ. ಬಿಗಿತ ಇದ್ದದ್ದು ಕಬ್ಬಿಣದ ಮೇಲಲ್ಲ, ಪೇಂಟಿನ ಮೇಲೆ.

ಐದನೇ ಮದ್ದು ಅಂದರೆ ಇಷ್ಟೇ. ತೂತಿನ ಇಳಿಜಾರು, ರಿಮ್ಮಿನ ಬೆನ್ನು, ಹಬ್ಬಿನ ಮುಖ ಮೂರನ್ನೂ ಕೆರೆದು ಬರೀ ಲೋಹ ಮಾಡಿದೆವು. 60 ಡಿಗ್ರಿ ಇಳಿಜಾರಿನ ಸಾದಾ ನಟ್ಟು ತಂದೆ, ಕ್ರೋಮಿಗಿಂತ ಅಗ್ಗ. ತ್ರೆಡ್ಡಿಗೆ ಎಣ್ಣೆ ಇಲ್ಲ, ಅಂಟೂ ಇಲ್ಲ. ಗಾಲಿ ಗಾಳಿಯಲ್ಲಿದ್ದಾಗಲೇ ಎಲ್ಲವನ್ನೂ ಕೈಯಿಂದ ಕೂರಿಸಿ, ಜ್ಯಾಕ್ ಇಳಿಸಿದ ಮೇಲೆ ಒಂದು ಬಿಟ್ಟು ಒಂದರಂತೆ ನಕ್ಷತ್ರದ ಲೆಕ್ಕದಲ್ಲಿ, ಎರಡು ಸುತ್ತಿನಲ್ಲಿ ಟಾರ್ಕ್ ಪಾನಾದಿಂದ (ಬೇಕಾದಷ್ಟು ಬಿಗಿ ಆದ ಕೂಡಲೇ ಕ್ಲಿಕ್ ಅನ್ನೋ ಪಾನಾ) ಬಿಗಿದೆ. ಆ ಪಾನಾಕ್ಕೆ ಎರಡು ಸಾವಿರದ ಆಸುಪಾಸು ಕೊಟ್ಟೆ. ಆದ ಖರ್ಚಿನಲ್ಲಿ ನನಗೆ ಹೊಟ್ಟೆ ಉರಿಯದ ಖರ್ಚು ಅದೊಂದೇ. ನಿಮ್ಮ ಗಾಡಿಗೆ ಎಷ್ಟು ಬಿಗಿ ಅಂತ ಅದರ ಪುಸ್ತಕದಲ್ಲೇ ನೋಡಿ. ಹಳೆ ವಿಲ್ಲೀಸ್ ಜೀಪು ಆಗಿದ್ದರೆ ಎಡಗಡೆ ಗಾಲಿಗೆ ಉಲ್ಟಾ ತ್ರೆಡ್ ಇರ್ತದೆ, ಬಿಚ್ಚೋಕೆ ಹೋಗಿ ಬಿಗಿದುಬಿಟ್ಟೀರಿ.

80 ಕಿಲೋಮೀಟರ್ ಓಡಿಸಿ, ಹಬ್ಬು ತಣ್ಣಗಾದ ಮೇಲೆ ಮತ್ತೆ ಪಾನಾ ಹಾಕಿದೆ. ಎರಡು ನಟ್ಟು ಚೂರು ತಿರುಗಿದವು. ಮುಂದಿನ ಸಲ ಎಲ್ಲವೂ ಕ್ಲಿಕ್ ಅಂದವು, ಒಂದೂ ಕದಲಲಿಲ್ಲ. ಮೂರು ತಿಂಗಳಾಯ್ತು, ಹೊಸ ನಟ್ಟಿಗೂ ಎಳೆದ ಗುಲಾಬಿ ನೇಲ್ ಪಾಲಿಶ್ ಗೆರೆಗಳು ನೆಟ್ಟಗೇ ಇವೆ. ಸ್ಟೆಪ್ನಿ ಗಾಲಿಯ ಪೇಂಟ್ ಮಾತ್ರ ಇನ್ನೂ ಕೆರೆದಿಲ್ಲ. ಪಂಕ್ಚರ್ ಆಗೋ ಮುಂಚೆ ಒಂದು ಭಾನುವಾರ ಅದಕ್ಕೂ ಕೈ ಹಚ್ಚಬೇಕು.