ಕಡಿಯದೆ ಬಿಡುವ ಮರಗಳ ಲೆಕ್ಕ: ಒಂದು ನಿರ್ವಹಣಾ ಸೇವೆಯ ವಿಮರ್ಶೆ

ನಮ್ಮ ನಾಟಾ ತೋಪಿಗೆ ಹತ್ತು ವರ್ಷಗಳ ಕಾರ್ಯಯೋಜನೆ ಸಿದ್ಧಪಡಿಸಿ, ಮೊದಲ ಕಟಾವಿನ ಮೇಲ್ವಿಚಾರಣೆಯನ್ನೂ ವಹಿಸಿಕೊಂಡಿದ್ದ ಸಲಹಾ ಸಂಸ್ಥೆಯೊಂದರ ಕೆಲಸವನ್ನು ಹತ್ತಿರದಿಂದ ನೋಡಿದ ಮೇಲೆ ಈ ವಿಮರ್ಶೆ ಬರೆಯುತ್ತಿದ್ದೇನೆ.

ಕಾಡು, ತೋಪುಗಳ ಹೊಣೆಯರಿತ ನಿರ್ವಹಣೆಗೆ ಮಾನದಂಡ ರೂಪಿಸುವ, 1993ರಲ್ಲಿ ಸ್ಥಾಪನೆಯಾದ ಅಂತರರಾಷ್ಟ್ರೀಯ ಸಂಸ್ಥೆ ಫಾರೆಸ್ಟ್ ಸ್ಟೀವರ್ಡ್‌ಶಿಪ್ ಕೌನ್ಸಿಲ್‌ನ ಪ್ರಮಾಣಪತ್ರ ಪಡೆಯುವುದು ನಮ್ಮ ಉದ್ದೇಶವಾಗಿತ್ತು. ಅದರ ಮಾನದಂಡಗಳ ಪ್ರಕಾರ ಸಾಮಾನ್ಯವಾಗಿ ತೋಪಿನ ಕನಿಷ್ಠ 10 ಶೇಕಡಾ ಭೂಮಿಯನ್ನು ಸಂರಕ್ಷಣೆಗೆ ಮೀಸಲಿಡಬೇಕು. ಇಷ್ಟೊಂದು ಜಾಗ ಕೈಬಿಡಬೇಕೇ ಎಂದು ನಾನು ಗೊಣಗಿದ್ದುಂಟು. ಆದರೆ ಸಲಹಾ ಸಂಸ್ಥೆಯವರು ಆ ಪಾಲಿನ ಬಹುಭಾಗವನ್ನು ಹಳ್ಳದ ಎರಡೂ ದಡಗಳಲ್ಲಿ ಮತ್ತು ದಿಮ್ಮಿ ಎಳೆಯುವ ಖರ್ಚೇ ದಿಮ್ಮಿಯ ಬೆಲೆಯನ್ನು ಮೀರುವ ಕಡಿದಾದ ಇಳಿಜಾರುಗಳಲ್ಲಿ ಗುರುತಿಸಿದ್ದರಿಂದ ನಷ್ಟ ನಾನು ಅಂದುಕೊಂಡದ್ದಕ್ಕಿಂತ ಬಹಳ ಕಡಿಮೆಯಾಯಿತು. ದಡದ ಪಟ್ಟಿ ಮಣ್ಣು ಕೊಚ್ಚಿ ಹೋಗುವುದನ್ನು ತಡೆಯುತ್ತದೆ, ಪ್ರಾಣಿಗಳಿಗೆ ಮರೆಯಲ್ಲಿ ಓಡಾಡಲು ದಾರಿಯೂ ಆಗುತ್ತದೆ.

ಒತ್ತೊತ್ತಾಗಿ ಬೆಳೆದ ಏಕಜಾತಿಯ ತೋಪನ್ನು ತೆಳುಗೊಳಿಸಿದಾಗ ಉಳಿದ ಮರಗಳು ದಪ್ಪವಾಗುತ್ತವೆ, ನೆಲಕ್ಕೆ ಬಿಸಿಲು ತಾಗಿ ಹುಲ್ಲು, ಪೊದೆ ಚಿಗುರಿ ಮೇಯುವ ಪ್ರಾಣಿಗಳು ಬರುತ್ತವೆ ಎಂದು ಅವರ ಕಾರ್ಯಯೋಜನೆಯ ವರದಿ ವಿವರಿಸುತ್ತದೆ. ಅದೇ ಬಿಸಿಲಿಗೆ ಕಳೆಯೂ ಏಳುತ್ತದೆ ಎಂಬ ಮಾತು, ಅದನ್ನು ಕೀಳಿಸುವ ಖರ್ಚು, ಎಲ್ಲಿಯೂ ಇಲ್ಲ.

ನನ್ನ ದೊಡ್ಡ ದೂರು ಬೇರೆ. ಒಣಗಿ ನಿಂತ ಮರವೊಂದರಲ್ಲಿ ಮರಕುಟಿಗ ಕೊರೆದ ಪೊಟರೆಯಿತ್ತು. ಮರಕುಟಿಗ ಬಿಟ್ಟುಹೋದ ಪೊಟರೆಗಳಲ್ಲಿ ಗೂಬೆ, ಅಳಿಲು, ಬಾವಲಿಗಳು ನೆಲೆಸುವುದರಿಂದ ಇಂಥ ಮರಗಳನ್ನು ಉಳಿಸಬೇಕೆಂದು ಯೋಜನೆಯಲ್ಲಿ ಸ್ಪಷ್ಟವಾಗಿ ಬರೆದಿತ್ತು. ನಕ್ಷೆಯಲ್ಲಿ ಆ ಮರಕ್ಕೊಂದು ಸಂಖ್ಯೆಯೂ ಇತ್ತು. ಆದರೆ ಕಾಂಡಕ್ಕೆ ಬಣ್ಣ ಬಳಿದದ್ದು ದಾರಿಯ ಕಡೆಗೆ ಮಾತ್ರ. ಗರಗಸದವನು ಹಳ್ಳದ ಕಡೆಯಿಂದ ಬಂದ, ಅವನಿಗೆ ಕಂಡದ್ದು ಒಂದು ಒಣಮರ, ಉರುಳಿಸಿದ. ಅವನದು ತಪ್ಪೆನ್ನಲಾರೆ. ನೆಲದ ಮೇಲೆ ಬಿದ್ದ ಪೊಟರೆಯ ಬಾಯಿಯಲ್ಲಿ ಕೈಯಿಟ್ಟು ನೋಡಿದೆ. ಅದೃಷ್ಟವಶಾತ್ ಒಳಗೆ ಮರದ ಪುಡಿ ಬಿಟ್ಟು ಬೇರೇನೂ ಇರಲಿಲ್ಲ. ಕಾಂಡವನ್ನು ಸಾಗಿಸದೆ ಅಲ್ಲಿಯೇ ಕೊಳೆಯಲು ಬಿಡಿಸಿದೆ, ಬಿದ್ದ ಮರಕ್ಕೂ ಹುಳು, ಅಣಬೆಗಳು ಬರುತ್ತವೆ.

ಯೋಜನೆ ರೂಪಿಸುವ ವಿಷಯದಲ್ಲಿ ಈ ಸಂಸ್ಥೆಯನ್ನು ನಿಸ್ಸಂಕೋಚವಾಗಿ ಶಿಫಾರಸು ಮಾಡುತ್ತೇನೆ, ಮೇಲ್ವಿಚಾರಣೆಯ ವಿಷಯದಲ್ಲಿ ಮಾಡಲಾರೆ. ಒಪ್ಪಂದವನ್ನು ನವೀಕರಿಸಿದ್ದೇನೆ, ಉಳಿಸಬೇಕಾದ ಪ್ರತಿ ಮರಕ್ಕೂ ಕಾಂಡದ ಸುತ್ತ ಬಣ್ಣದ ಪಟ್ಟೆ ಬಳಿಯಬೇಕು, ಕಟಾವಿನ ಮುಂಜಾನೆ ಕೆಲಸಗಾರರನ್ನು ಕರೆದೊಯ್ದು ಆ ಮರಗಳನ್ನು ತೋರಿಸಬೇಕು ಎಂಬ ಎರಡು ಷರತ್ತುಗಳನ್ನು ಅದರಲ್ಲಿ ಬರೆಸಿದ್ದೇನೆ.