ಪುಣೆಯ ಟೆರೇಸಿಗೆ ಯಾವ ಫೈಂಡರ್? 5×24, ರೆಡ್ ಡಾಟ್, 6×30 ಮೂರನ್ನೂ ಬಳಸಿ ನೋಡಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು 6×30 ರೈಟ್ ಆ್ಯಂಗಲ್ ಫೈಂಡರ್‌ಗೆ. ಫೈಂಡರ್ ಅಂದರೆ ಟೆಲಿಸ್ಕೋಪಿನ ಮೇಲೆ ಕೂರಿಸಿ ಗುರಿ ಹಿಡಿಯುವ ಸಣ್ಣ ಸಾಧನ. 6×30 ಅಂದರೆ ಆರು ಪಟ್ಟು ದೊಡ್ಡದು ಮಾಡಿ ತೋರಿಸುವ, 30 ಮಿಮೀ ಗಾಜಿನದು; ರೈಟ್ ಆ್ಯಂಗಲ್ ಅಂದರೆ ಹಿಂದಿನಿಂದಲ್ಲ, ಪಕ್ಕದಿಂದ ಕಣ್ಣಿಟ್ಟು ನೋಡುವಂಥದ್ದು. ಧಾಯರಿಯ ನಮ್ಮ ಟೆರೇಸಿನಲ್ಲಿ, 70 ಮಿಮೀ ಲೆನ್ಸಿನ ಸಣ್ಣ ಟೆಲಿಸ್ಕೋಪಿಗೆ, ಇದರಷ್ಟು ಉಪಯೋಗಕ್ಕೆ ಬಂದದ್ದು ಬೇರೆ ಯಾವುದೂ ಇಲ್ಲ. ಆದರೆ ಅದನ್ನು ಕೂರಿಸುವಷ್ಟರಲ್ಲಿ ಸಾಕುಸಾಕಾಯಿತು. ಅದನ್ನೂ ಬಿಡದೆ ಬರೆಯುತ್ತೇನೆ, ಕೊಳ್ಳುವವರಿಗೆ ಅದೇ ಮುಖ್ಯ.

ಟೆಲಿಸ್ಕೋಪ್ ಜೊತೆಗೇ ಬಂದ 5×24 ಬಗ್ಗೆ ಜಾಸ್ತಿ ಹೇಳುವಂಥದ್ದಿಲ್ಲ. ನನ್ನದರಲ್ಲಿ ಮುಂದಿನ ಗಾಜಿನ ಹಿಂದೆ ಒಂದು ಕಪ್ಪು ಉಂಗುರ ಕೂರಿಸಿದ್ದಾರೆ. ಹೆಸರಿಗೆ 24 ಮಿಮೀ, ಬೆಳಕು ಒಳಗೆ ಬರುವುದು ಅದರ ಅರ್ಧದಷ್ಟು ಅಗಲದ ತೂತಿನಿಂದ. ಚಿತ್ರ ತಲೆಕೆಳಗು. ಕೊಳವೆ ನಿಂತಿರುವುದು ಒಂದೇ ಸುತ್ತಿನ ಮೂರು ಸ್ಕ್ರೂಗಳ ಮೇಲೆ, ಹಾಗಾಗಿ ಕೈ ತಾಗಿದರೆ ಹೊಂದಿಸಿದ್ದೆಲ್ಲ ಹೋಯಿತು. ಚಂದ್ರನಿಗೆ ನಡೆಯುತ್ತದೆ, ಅಷ್ಟೇ.

ರೆಡ್ ಡಾಟ್ ಹಾಗಲ್ಲ, ಅದು ಒಳ್ಳೆಯ ಸಾಮಾನೇ. ನನಗೆ ಒಂದೂವರೆ ಸಾವಿರದೊಳಗೆ ಸಿಕ್ಕಿತು. ಅದು ಏನನ್ನೂ ದೊಡ್ಡದು ಮಾಡಿ ತೋರಿಸುವುದಿಲ್ಲ. ಓರೆ ಗಾಜಿನಲ್ಲಿ ಕಾಣುವ ಕೆಂಪು ಚುಕ್ಕೆ ಆಕಾಶದಲ್ಲೇ ಇದ್ದ ಹಾಗೆ ತೋರುತ್ತದೆ. ಎರಡೂ ಕಣ್ಣು ಬಿಟ್ಟುಕೊಂಡು ಚುಕ್ಕೆಯನ್ನು ಗುರುವಿನ ಮೇಲಿಟ್ಟರೆ, ಟೆಲಿಸ್ಕೋಪಿನ 25 ಮಿಮೀ ಐಪೀಸಿನಲ್ಲಿ (ಕಣ್ಣಿಟ್ಟು ನೋಡುವ ಗಾಜಿನಲ್ಲಿ) ಗುರು ಸಿಕ್ಕ ಹಾಗೇ. ಅಕ್ಕನ ಮಗಳು ಯಾರ ಸಹಾಯವೂ ಇಲ್ಲದೆ ಶನಿಯನ್ನು ಹುಡುಕಿಕೊಂಡದ್ದು ಇದರಲ್ಲೇ. ಆಫ್ ಮಾಡದೆ ಎತ್ತಿಟ್ಟರೆ ಮಾತ್ರ ಮುಂದಿನ ಸಲ ಬಟನ್ ಸೆಲ್ ಸತ್ತಿರುತ್ತದೆ.

ಆದರೆ ಚುಕ್ಕೆ ಇಡಬೇಕಾದರೆ ಮೊದಲು ಕಣ್ಣಿಗೆ ಏನಾದರೂ ಕಾಣಬೇಕಲ್ವಾ? ಪುಣೆಯ ಆಕಾಶದಲ್ಲಿ ತೊಡಕಿರುವುದೇ ಇಲ್ಲಿ. ಪುಷ್ಯ ನಕ್ಷತ್ರವನ್ನೇ ತೆಗೆದುಕೊಳ್ಳಿ. ಅದರ ಪಕ್ಕದಲ್ಲೇ ಎಂ44 ಅನ್ನುವ ಚೆಂದದ ನಕ್ಷತ್ರಗುಚ್ಛ ಇದೆ. ನಮ್ಮ ಟೆರೇಸಿನಿಂದ ಬರಿಗಣ್ಣಿಗೆ ಕರ್ಕಾಟಕ ರಾಶಿಯ ಜಾಗವೆಲ್ಲ ಖಾಲಿ. ಪುನರ್ವಸುವಿನ ಪೊಲಕ್ಸ್ ಕಾಣುತ್ತದೆ, ಮಘೆ ಕಾಣುತ್ತದೆ, ಗುಚ್ಛ ಇರುವುದು ಹೆಚ್ಚುಕಮ್ಮಿ ಅವೆರಡರ ನಡುಮಧ್ಯೆ. ಕೆಂಪು ಚುಕ್ಕೆಯನ್ನು ಆ ಖಾಲಿ ಜಾಗದಲ್ಲಿ ಅಂದಾಜಿನ ಮೇಲೆ ಇಡಬೇಕು. 700 ಮಿಮೀ ಫೋಕಸ್ಸಿನ ಟೆಲಿಸ್ಕೋಪಿನಲ್ಲಿ 25 ಮಿಮೀ ಐಪೀಸ್ ಹಾಕಿದರೆ 28 ಪಟ್ಟು ಬರುತ್ತದೆ, ಕಾಣುವ ಆಕಾಶ ಎರಡು ಡಿಗ್ರಿಗೂ ಕಮ್ಮಿ. ಅಂದಾಜು ಸ್ವಲ್ಪ ತಪ್ಪಿದರೂ ಕತ್ತಲಲ್ಲಿ ತಡಕಾಡುವುದೇ ಕೆಲಸ.

6×30ರಲ್ಲಿ ಸುಮಾರು ಏಳು ಡಿಗ್ರಿ ಆಕಾಶ ಒಟ್ಟಿಗೆ ಕಾಣುತ್ತದೆ. ಅದೇ ಜಾಗಕ್ಕೆ ತಿರುಗಿಸಿ ನಿಧಾನಕ್ಕೆ ಆಚೀಚೆ ಆಡಿಸಿದರೆ, ಚಿಟಿಕೆ ರವೆ ಉದುರಿಸಿದ ಹಾಗೆ ಗುಚ್ಛ ಫೈಂಡರಿನಲ್ಲೇ ಕಾಣಿಸಿಕೊಳ್ಳುತ್ತದೆ. ಪಕ್ಕದಲ್ಲಿ ಕರ್ಕಾಟಕದ ಡೆಲ್ಟಾ, ಗಾಮಾ ಅನ್ನುವ ನಕ್ಷತ್ರಗಳೆರಡೂ ಇರುತ್ತವೆ, ಗುರುತಿಗೆ ಅಷ್ಟು ಸಾಕು. ಕ್ರಾಸ್‌ಹೇರ್ (ಫೈಂಡರಿನೊಳಗೆ ಕಾಣುವ ಅಡ್ಡ-ಉದ್ದ ಗೆರೆ) ನಡುವೆ ತಂದು ಐಪೀಸಿಗೆ ಕಣ್ಣಿಟ್ಟರೆ ಮುಗಿಯಿತು.

ಇನ್ನೊಂದು ಕಾರಣವೂ ಇದೆ, ಅದು ನಮ್ಮ ಊರಿನದು. ಪುಣೆ ಇರುವುದು ಸುಮಾರು 18.5 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಹಾಗಾಗಿ ಕೃತ್ತಿಕೆ, ರೋಹಿಣಿ, ಪುಷ್ಯ, ಮಘೆ ಎಲ್ಲವೂ ಹೆಚ್ಚುಕಮ್ಮಿ ನೆತ್ತಿಯ ಮೇಲೆಯೇ ಹಾದುಹೋಗುತ್ತವೆ. ಎಂ44 ಅಂತೂ ನೆತ್ತಿಯಿಂದ ಒಂದೆರಡು ಡಿಗ್ರಿ ಅಷ್ಟೇ ಆಚೆ. ಕೊಳವೆ ನೆಟ್ಟಗೆ ಮೇಲೆ ನೋಡುತ್ತಿರುವಾಗ ರೆಡ್ ಡಾಟ್ ಹಿಂದೆ ಕಣ್ಣಿಡಬೇಕೆಂದರೆ ನೆಲದ ಮೇಲೆ ಮೊಣಕಾಲೂರಿ ಕತ್ತು ಹಿಂದಕ್ಕೆ ಬಗ್ಗಿಸಬೇಕು. ರೈಟ್ ಆ್ಯಂಗಲ್ ಫೈಂಡರಿನಲ್ಲಿ ಸ್ಟೂಲ್ ಮೇಲೆ ಕೂತಲ್ಲೇ ನೋಡಬಹುದು. ಒಳಗಿನ ಪ್ರಿಸಂ ಚಿತ್ರವನ್ನು ನೆಟ್ಟಗೆ ಮಾಡಿ ಕೊಡುವುದರಿಂದ ನಕ್ಷೆ ಹಿಡಿದು ಹೋಲಿಸುವುದೂ ಸಲೀಸು.

ಈಗ ಕೂರಿಸುವ ರಗಳೆ. ಆನ್‌ಲೈನ್‌ನಲ್ಲಿ ಮಾರಿದವರು "ಎಲ್ಲ ಟೆಲಿಸ್ಕೋಪಿಗೂ ಹೊಂದುತ್ತದೆ" ಅಂತ ಬರೆದಿದ್ದರು. ಹೊಂದಲಿಲ್ಲ. ಈ ಫೈಂಡರಿನ ಕಾಲು ತಳದಲ್ಲಿ ಅಗಲ, ಮೇಲಕ್ಕೆ ಕಿರಿದು. ಅದನ್ನು ಜಾರಿಸಿ ಕೂರಿಸಲು ಅದೇ ಆಕಾರದ ಶೂ, ಅಂದರೆ ಕೊಳವೆಗೆ ಬಿಗಿಯುವ ತೋಡಿನ ತುಂಡು, ಬೇಕು. ನನ್ನ ಟೆಲಿಸ್ಕೋಪಿನಲ್ಲಿ ಇರುವುದು ಕೊಳವೆಯಿಂದ ಹೊರಗೆ ಚಾಚಿದ ಎರಡು ಬೋಲ್ಟ್, ಎರಡು ನಟ್. ಶೂ ಬೇರೆ ತರಿಸಿದೆ. ಅದರ ತೂತುಗಳ ಅಂತರ ಬೋಲ್ಟುಗಳ ಅಂತರಕ್ಕಿಂತ ಮೂರು ಮಿಲಿಮೀಟರಿನಷ್ಟು ಕಮ್ಮಿ. ಸಾಲದ್ದಕ್ಕೆ ಶೂ ತಳ ಚಪ್ಪಟೆ, ಕೊಳವೆ ದುಂಡಗೆ. ಇಟ್ಟರೆ ಅತ್ತಿತ್ತ ವಾಲುತ್ತದೆ.

ಫೋಮ್ ಟೇಪ್ ಹಚ್ಚಿ ಅನ್ನುವವರು ತುಂಬಾ ಜನ. ರೆಡ್ ಡಾಟ್ ಅನ್ನು ನಾನು ಹಾಗೇ ಅಂಟಿಸಿದ್ದೆ. ಫೋಮ್ ಮೆತ್ತಗಿರುತ್ತದೆ, ಮಧ್ಯಾಹ್ನ ಹೊಂದಿಸಿದ್ದು ರಾತ್ರಿಗೆ ಸರಿದಿರುತ್ತದೆ. 6×30 ಅದಕ್ಕಿಂತ ಭಾರ, ಅದಕ್ಕೆ ಟೇಪು ಬೇಡವೇ ಬೇಡ.

ದಾರಿ ತೋರಿಸಿದವರು ಮೇಲಿನ ಮನೆಯ ಕಾಕಾ. ಬೆಳಗಾವಿಯವರು, ಪಿಂಪ್ರಿಯಲ್ಲಿ ಫಿಟ್ಟರ್ ಆಗಿದ್ದು ನಿವೃತ್ತರಾದವರು. "ಟ್ಯೂಬಿಗೆ ಡ್ರಿಲ್ ಹಚ್ಚಬ್ಯಾಡಪಾ, ಚೂರು ಒಳಗ ಬಿದ್ರ ಗಾಜು ಕೆಡ್ತದ. ಶೂನ ತೂತು ಅಷ್ಟ ಉದ್ದ ಮಾಡು" ಅಂದರು. ರವಿವಾರ ಪೇಠೆಯ ಬೋಹ್ರಿ ಆಳಿಗೆ ಹೋಗಿ ಸಣ್ಣ ದುಂಡು ಅರ, ಅಗಲದ ವಾಷರ್, ತಾನಾಗಿ ಸಡಿಲವಾಗದ ನೈಲಾಕ್ ನಟ್ ತಂದೆ. ಶೂ ಅಲ್ಯೂಮಿನಿಯಂ ಆದ್ದರಿಂದ ಅರಕ್ಕೆ ಬೇಗ ಬಗ್ಗುತ್ತದೆ. ಹೊರಮಗ್ಗುಲಿಗೆ ನಾಲ್ಕು ಸಲ ಉಜ್ಜುವುದು, ಬೋಲ್ಟ್ ಮೇಲಿಟ್ಟು ನೋಡುವುದು, ಮತ್ತೆ ಉಜ್ಜುವುದು. ಉದ್ದವಾದ ತೂತನ್ನು ವಾಷರ್ ಮುಚ್ಚಿಕೊಳ್ಳುತ್ತದೆ. ವಾಲಾಟ ನಿಲ್ಲಿಸಲು ಹಳೆಯ ಎಟಿಎಂ ಕಾರ್ಡ್ ಕತ್ತರಿಸಿ, ಶೂನ ಎರಡೂ ಅಂಚಿನ ಕೆಳಗೆ ಒಂದೊಂದು ಪಟ್ಟಿ ಇಟ್ಟೆ. ರಬ್ಬರ್ ಇಟ್ಟರೆ ಫೋಮಿನ ಕಥೆಯೇ ಆಗುತ್ತದೆ, ಗಟ್ಟಿ ಪ್ಲಾಸ್ಟಿಕ್ಕೇ ಬೇಕು. ನಟ್‌ಗಳನ್ನು ಒಂದಾದ ಮೇಲೊಂದು ಸ್ವಲ್ಪಸ್ವಲ್ಪವೇ ಬಿಗಿ ಮಾಡಿದೆ. ಅಂದಿನಿಂದ ಅಲ್ಲಾಡಿಲ್ಲ.

ಹೊಂದಿಸುವುದನ್ನು ಹಗಲಲ್ಲೇ ಮಾಡಿಕೊಳ್ಳಿ. ನಮಗೆ ಸಿಂಹಗಡದ ಟಿವಿ ಟವರ್ ಇದೆ. ಮೊದಲು ಟವರ್ ತುದಿಯನ್ನು ಐಪೀಸಿನ ನಡುವೆ ತಂದು, ಆಮೇಲೆ ಫೈಂಡರಿನ ಎರಡು ಸ್ಕ್ರೂ ತಿರುಗಿಸಿ ಕ್ರಾಸ್‌ಹೇರ್ ಅಲ್ಲಿಗೆ ತರಬೇಕು. ಮೂರನೆಯದು ಸ್ಪ್ರಿಂಗ್, ತಾನೇ ಒತ್ತಿಕೊಂಡಿರುತ್ತದೆ. ಸೂರ್ಯನ ಹತ್ತಿರ ಮಾತ್ರ ಯಾವ ಕಾರಣಕ್ಕೂ ತಿರುಗಿಸಬೇಡಿ, ಕಣ್ಣು ಹೋಗುತ್ತದೆ. ರಾತ್ರಿ ಇನ್ನೊಮ್ಮೆ ಸರಿಮಾಡಲು ಧ್ರುವ ನಕ್ಷತ್ರ ಒಳ್ಳೆಯದು, ಅದು ಜಾಗ ಬಿಟ್ಟು ಕದಲುವುದಿಲ್ಲ ಅನ್ನಬಹುದು. ಉತ್ತರಕ್ಕೆ ಎತ್ತರದ ಕಟ್ಟಡ ಇದ್ದರೆ ಕಷ್ಟ, ಇಲ್ಲಿ ಅದು ದಿಗಂತದಿಂದ 18 ಡಿಗ್ರಿ ಚಿಲ್ಲರೆ ಎತ್ತರದಲ್ಲಷ್ಟೇ ಇರುತ್ತದೆ.

6×30ರಲ್ಲಿ ಕೊರತೆ ಇಲ್ಲ ಅಂತಲ್ಲ. ನೀವು ನೋಡುತ್ತಿರುವುದು ಒಂದು ಕಡೆ, ಟೆಲಿಸ್ಕೋಪ್ ನೋಡುತ್ತಿರುವುದು ಇನ್ನೊಂದು ಕಡೆ, ಮೊದಮೊದಲು ಗಲಿಬಿಲಿ ಆಗುತ್ತದೆ. ನಾನು ಕೊಳವೆಯ ಉದ್ದಕ್ಕೆ ಕಣ್ಣು ಹಾಯಿಸಿ ದಿಕ್ಕು ಹಿಡಿಯುತ್ತೇನೆ, ಆಮೇಲೆ ಫೈಂಡರ್. ಬೆಲೆಯೂ ಜಾಸ್ತಿ, ಟೆಲಿಸ್ಕೋಪಿಗೆ ಕೊಟ್ಟದ್ದರ ಮೂರನೇ ಒಂದು ಭಾಗದಷ್ಟು ಇದಕ್ಕೇ ಹೋಯಿತು. ವಾರದಲ್ಲಿ ಮೂರು ರಾತ್ರಿ ಟೆರೇಸ್ ಹತ್ತುವವನಿಗೆ ಅದು ದುಬಾರಿ ಅನ್ನಿಸಲಿಲ್ಲ.

ಡೊಂಬಿವಲಿಯಲ್ಲಿರುವ ನನ್ನ ಗೆಳೆಯನಿಗೆ ರೆಡ್ ಡಾಟೇ ಸಾಕು. ಅವನು ಟೆಲಿಸ್ಕೋಪ್ ತೆಗೆಯುವುದೇ ವಾಂಗಣಿ ಕಡೆ ಹೋದಾಗ. ಅಲ್ಲಿ ಬರಿಗಣ್ಣಿಗೇ ಬೇಕಾದಷ್ಟು ನಕ್ಷತ್ರ ಕಾಣುತ್ತವೆ, ಚುಕ್ಕೆ ಇಡಲು ಗುರುತು ಸಿಗುತ್ತದೆ. ಚಂದ್ರ, ಗುರು, ಶನಿ ಮಾತ್ರ ನೋಡುವವರೂ ರೆಡ್ ಡಾಟನ್ನೇ ತೆಗೆದುಕೊಳ್ಳಿ, ಸುಮ್ನೆ ಜಾಸ್ತಿ ದುಡ್ಡು ಹಾಕಬೇಡಿ. ನಗರದ ಟೆರೇಸಿನಿಂದಲೇ ಗುಚ್ಛ, ನೆಬ್ಯುಲಾ ಹುಡುಕಬೇಕು ಅನ್ನುವವರು 6×30 ಕೊಳ್ಳಿ. ದುಡ್ಡು ಕಟ್ಟುವ ಮೊದಲು ಎರಡು ಬೋಲ್ಟುಗಳ ನಡುವೆ ಎಷ್ಟು ಮಿಲಿಮೀಟರ್ ಅಂತ ಸ್ಕೇಲ್ ಇಟ್ಟು ಅಳೆದು, ಫೋಟೋ ತೆಗೆದು ಮಾರುವವರಿಗೆ ಕಳಿಸಿ. ಯಾವ ಶೂ ಹೊಂದುತ್ತದೆ ಅಂತ ಅವರಿಂದ ಬರೆಸಿಕೊಂಡೇ ಆರ್ಡರ್ ಮಾಡಿ.