ಟೀಚ್ ಹೆಸರಿನಲ್ಲಿ ಎರಡು ನೆರವುಗಳಿವೆ, ಒಂದು ಸಾಲವಾಗಿ ಕೊರಳಿಗೆ ಬೀಳಬಹುದು

ಅಮೆರಿಕದ ಡೇಕೇರ್, ಪ್ರೀಸ್ಕೂಲ್‌ಗಳಲ್ಲಿ ಕೆಲಸ ಮಾಡಿಕೊಂಡೇ ಓದು ಮುಂದುವರಿಸುತ್ತಿರುವ ಕನ್ನಡಿಗರು ಈಗ ಕಡಿಮೆಯಿಲ್ಲ. ಕಾಲೇಜಿನ ಫೀಸಿಗೆ ನೆರವು ಹುಡುಕುವಾಗ ಅವರಲ್ಲಿ ಒಬ್ಬರು ಕೈ ಸುಟ್ಟುಕೊಂಡ ಬಗೆಯನ್ನು ಇಲ್ಲಿ ಬಿಡಿಸಿ ಬರೆಯುತ್ತಿದ್ದೇವೆ. ಅವರ ಹೆಸರು, ಕಾಲೇಜು, ಡೇಕೇರ್ ಯಾವುದೂ ಇಲ್ಲಿ ಬೇಡ. ಸಹಿ ಹಾಕುವ ಮೊದಲು ಏನನ್ನು ನೋಡಬೇಕಿತ್ತು ಅನ್ನುವುದಷ್ಟೇ ಮುಖ್ಯ.

ಊರಿನಲ್ಲಿ ಪಿಯುಸಿ ಆದ ಮೇಲೆ ಡಿ.ಎಡ್. ಮಾಡಿದ್ದವರು. ಗ್ರೀನ್ ಕಾರ್ಡ್ ಇದೆ. ಖಾಸಗಿ ಡೇಕೇರ್ ಒಂದರಲ್ಲಿ ಅಸಿಸ್ಟೆಂಟ್ ಟೀಚರ್. ಜೊತೆಯ ಟೀಚರ್ ಒಬ್ಬರು 'ಟೀಚ್ ಸ್ಕಾಲರ್‌ಶಿಪ್' ತಗೊಂಡು ಹೆಚ್ಚುಕಡಿಮೆ ಖರ್ಚಿಲ್ಲದೆ ಓದುತ್ತಿದ್ದರು. ಅದೇ ತಮಗೂ ಸಿಗಲಿ ಎಂದು ಇವರು ಕಾಲೇಜಿನ ಹಣಕಾಸು ನೆರವಿನ ಕಚೇರಿಯಲ್ಲಿ ಕೇಳಿದಾಗ, ಟೀಚ್ ಗ್ರ್ಯಾಂಟ್ ಇದೆ, ನಿಮ್ಮ ಅಂಕಗಳು ಸಾಕು, ಆನ್‌ಲೈನ್‌ನಲ್ಲಿ ಸಹಿ ಹಾಕಿ ಅಂದರು. ಹಾಕಿದರು. 2023-24 ಮತ್ತು 2024-25, ಎರಡು ವರ್ಷ ದುಡ್ಡು ಬಂತು. ಓದು ಮುಗಿಯಿತು. ಆಮೇಲೆ ಬಂದ ವಾರ್ಷಿಕ ಪತ್ರದಲ್ಲಿ ಪೂರೈಸಿದ ಸೇವೆ ಸೊನ್ನೆ ವರ್ಷ, ಬಾಕಿ ನಾಲ್ಕು ವರ್ಷ ಅಂತಿತ್ತು. ಅದರ ಕೆಳಗೆ ಇದುವರೆಗೆ ಬೆಳೆದ ಬಡ್ಡಿಯ ಅಂದಾಜು. ಮಕ್ಕಳೊಂದಿಗೆ ದಿನವಿಡೀ ದುಡಿಯುವವರಿಗೆ 'ಸೇವೆ ಸೊನ್ನೆ' ಎಂದು ಬರೆದು ಬಂದರೆ ಹೇಗಾಗಬೇಡ?

ಎಡವಟ್ಟಾಗಿದ್ದು ಹೆಸರಿನಲ್ಲಿ. ಜೊತೆಯ ಟೀಚರ್ ಪಡೆಯುತ್ತಿದ್ದದ್ದು ಟಿ.ಇ.ಎ.ಸಿ.ಎಚ್. ಅರ್ಲಿ ಚೈಲ್ಡ್‌ಹುಡ್ ಸ್ಕಾಲರ್‌ಶಿಪ್. ಅದು 1990ರಲ್ಲಿ ನಾರ್ತ್ ಕ್ಯಾರೊಲೈನಾದಲ್ಲಿ ಹುಟ್ಟಿ ಬೇರೆ ರಾಜ್ಯಗಳಿಗೆ ಹಬ್ಬಿದ್ದು, ಡೇಕೇರ್‌ಗಳಲ್ಲಿ ದುಡಿಯುವವರಿಗೆಂದೇ ಇರುವಂಥದ್ದು. ಇವರು ಸಹಿ ಹಾಕಿದ್ದು ಫೆಡರಲ್ ಸರ್ಕಾರದ ಟೀಚ್ ಗ್ರ್ಯಾಂಟ್‌ಗೆ. ಅದು 2007ರ ಕಾನೂನಿನಿಂದ ಬಂದದ್ದು, ಬಡ ಮಕ್ಕಳು ಹೆಚ್ಚಿರುವ ಶಾಲೆಗಳಿಗೆ ಶಿಕ್ಷಕರನ್ನು ಸೆಳೆಯುವುದಕ್ಕೆ. ಬಾಯಲ್ಲಿ ಹೇಳಿದರೆ ಎರಡೂ 'ಟೀಚ್' ಅಂತಲೇ ಕೇಳಿಸುತ್ತವೆ. ಕಚೇರಿಯವರು ಸುಳ್ಳು ಹೇಳಲಿಲ್ಲ. ಆದರೆ ನೀವು ಓದು ಮುಗಿಸಿ ಎಲ್ಲಿ ಕೆಲಸ ಮಾಡುತ್ತೀರಿ ಎಂಬ ಒಂದು ಪ್ರಶ್ನೆ ಕೇಳಿದ್ದರೆ ಸಾಕಿತ್ತು, ಕೇಳಲಿಲ್ಲ.

ಟೀಚ್ ಗ್ರ್ಯಾಂಟ್‌ನ ಕಾಗದದ ಹೆಸರೇ 'ಅಗ್ರಿಮೆಂಟ್ ಟು ಸರ್ವ್ ಆರ್ ರಿಪೇ', ಅಂದರೆ ಸೇವೆ ಮಾಡು, ಇಲ್ಲವೇ ತೀರಿಸು. ಓದು ಮುಗಿದ ಮೇಲಿನ ಎಂಟು ವರ್ಷಗಳೊಳಗೆ ನಾಲ್ಕು ವರ್ಷ ಪೂರ್ಣಾವಧಿ ಪಾಠ ಮಾಡಬೇಕು. ಶಾಲೆ ಕಡಿಮೆ ಆದಾಯದ ಶಾಲೆಗಳ ಸರ್ಕಾರಿ ಡೈರೆಕ್ಟರಿಯಲ್ಲಿ ಇರಬೇಕು. ಪಾಠ ಮಾಡುವ ವಿಷಯ ಕೊರತೆಯ ವಿಷಯಗಳ ಪಟ್ಟಿಯಲ್ಲಿ ಬರಬೇಕು. ಸರ್ಕಾರಿ ಶಾಲೆಯೊಳಗಿನ ಪ್ರೀ-ಕೆ (ಕಿಂಡರ್‌ಗಾರ್ಟನ್‌ಗೆ ಮುಂಚಿನ) ತರಗತಿ ಕೆಲವು ರಾಜ್ಯಗಳಲ್ಲಿ ಲೆಕ್ಕಕ್ಕೆ ಬರಬಹುದು. ಖಾಸಗಿ ಡೇಕೇರ್ ಬರುವುದಿಲ್ಲ. ಅಲ್ಲಿಗೆ ಬರುವ ಮಕ್ಕಳು ಎಷ್ಟೇ ಬಡವರಾಗಿದ್ದರೂ ಅಷ್ಟೇ.

ಮೊತ್ತದ ಲೆಕ್ಕವನ್ನೂ ನೋಡಿ. ಗ್ರ್ಯಾಂಟ್ ವರ್ಷಕ್ಕೆ 4,000 ಡಾಲರ್ ಅನ್ನುತ್ತಾರೆ. ಬಜೆಟ್ ಕಡಿತ ಕಳೆದು ಆ ಎರಡು ವರ್ಷ ಕೈಗೆ ಸಿಗುತ್ತಿದ್ದದ್ದು 3,772. ಅದೂ ಪೂರ್ಣಾವಧಿ ವಿದ್ಯಾರ್ಥಿಗೆ. ಕೆಲಸದ ಜೊತೆ ಸೆಮಿಸ್ಟರಿಗೆ ಆರು ಕ್ರೆಡಿಟ್ ಓದುವವರು ಅರ್ಧಾವಧಿ, ಹಾಗಾಗಿ ಸಿಕ್ಕಿದ್ದು ವರ್ಷಕ್ಕೆ 1,886, ಎರಡು ವರ್ಷಕ್ಕೆ 3,772. ದುಡ್ಡು ಅರ್ಧವಾದರೂ ಸೇವೆ ಅರ್ಧವಾಗುವುದಿಲ್ಲ. ಒಂದೇ ಒಂದು ಸೆಮಿಸ್ಟರಿನ ದುಡ್ಡು ಮುಟ್ಟಿದರೂ ನಾಲ್ಕು ವರ್ಷ ಪೂರ್ತಿ ಸೇವೆ ಮಾಡಬೇಕು. ಮೂರು ವರ್ಷ ಮಾಡಿ ಬಿಟ್ಟರೆ ಮುಕ್ಕಾಲು ಪಾಲು ಮನ್ನಾ ಆಗುತ್ತದೆ ಎಂದುಕೊಂಡವರಿದ್ದಾರೆ, ಅದೂ ಇಲ್ಲ.

ತಪ್ಪಿದರೆ ಗ್ರ್ಯಾಂಟ್ ಪೂರ್ತಿಯಾಗಿ ಡೈರೆಕ್ಟ್ ಅನ್‌ಸಬ್ಸಿಡೈಸ್ಡ್ ಸಾಲ, ಅಂದರೆ ಓದುವಾಗಲೂ ಬಡ್ಡಿ ಬೆಳೆಯುವ ಫೆಡರಲ್ ಸಾಲವಾಗುತ್ತದೆ. ಬಡ್ಡಿ ಸಾಲವಾದ ದಿನದಿಂದಲ್ಲ, ದುಡ್ಡು ಬಂದ ದಿನದಿಂದ. ಪದವಿ ವಿದ್ಯಾರ್ಥಿಗಳಿಗೆ ಆ ಸಾಲದ ಬಡ್ಡಿ ದರ 2023-24ರಲ್ಲಿ ಶೇ. 5.50, 2024-25ರಲ್ಲಿ ಶೇ. 6.53. ಅಂದರೆ ಮೊದಲ ವರ್ಷದ ದುಡ್ಡಿಗೆ ವರ್ಷಕ್ಕೆ ಸುಮಾರು 104 ಡಾಲರ್, ಎರಡನೆಯದಕ್ಕೆ 123. ಎರಡೂ ಸೇರಿ 227ರ ಹತ್ತಿರ ಪ್ರತಿ ವರ್ಷ ಸದ್ದಿಲ್ಲದೆ ಬೆಳೆಯುತ್ತಿರುತ್ತದೆ. ತಿಂಗಳ ಬಿಲ್ ಬರುವುದಿಲ್ಲವಾದ್ದರಿಂದ ಯಾರಿಗೂ ಬಿಸಿ ತಟ್ಟುವುದಿಲ್ಲ.

ಇದರಿಂದ ಹಿಂದೆ ಸರಿಯಲು ಒಂದು ಕಿಟಕಿ ಇತ್ತು, ಅದು ಗೊತ್ತಾಗದೆ ಮುಚ್ಚಿಹೋಯಿತು. ದುಡ್ಡು ಖಾತೆಗೆ ಹಾಕುತ್ತಿದ್ದೇವೆ ಎಂದು ಕಾಲೇಜು ಒಂದು ನೋಟಿಸ್ ಕಳಿಸುತ್ತದೆ. ಆ ನೋಟಿಸ್ ಬಂದು 14 ದಿನ, ಇಲ್ಲವೇ ಆ ಸೆಮಿಸ್ಟರಿನ ಮೊದಲ ದಿನ, ಯಾವುದು ತಡವೋ ಅಲ್ಲಿಯವರೆಗೆ ಕಾಲೇಜಿಗೆ ಬರೆದು ರದ್ದು ಮಾಡಿಸಬಹುದು. ಆ ಇಮೇಲ್ ಕಾಲೇಜಿನ ಖಾತೆಗೆ ಬರುತ್ತದೆ. ರಾತ್ರಿ ಹತ್ತಕ್ಕೆ ಅಸೈನ್‌ಮೆಂಟ್ ಮುಗಿಸಿ ಮಲಗುವವರು ಆ ಖಾತೆಯನ್ನು ವಾರಕ್ಕೊಮ್ಮೆ ತೆರೆದರೆ ಹೆಚ್ಚು. ದಯವಿಟ್ಟು ಸೆಮಿಸ್ಟರಿನ ಮೊದಲ ತಿಂಗಳಾದರೂ ದಿನಾ ತೆರೆಯಿರಿ. ಇನ್ನೊಂದು, ಈ ಗ್ರ್ಯಾಂಟ್‌ಗೆ ಪ್ರತಿ ವರ್ಷ ಹೊಸದಾಗಿ ಕೌನ್ಸೆಲಿಂಗ್ ಮತ್ತು ಸಹಿ ಬೇಕು. ಅಂದರೆ ಎರಡನೆಯ ವರ್ಷವೂ ನಿಲ್ಲಿಸುವ ಅವಕಾಶ ಇತ್ತು. ಕೌನ್ಸೆಲಿಂಗ್ ಅಂದರೆ ಪರದೆಯ ಮೇಲಿನ ಪುಟಗಳು, ಪುಟಕ್ಕೊಂದು ಟಿಕ್. ಓದದೆ ಒತ್ತುತ್ತಾ ಹೋದರೆ ಹತ್ತು ನಿಮಿಷದ ಕೆಲಸ.

ಹಾಗಾದರೆ ಜೊತೆಯ ಟೀಚರ್ ಪಡೆದದ್ದು ಸುರಕ್ಷಿತವೇ? ಡೇಕೇರ್‌ನಲ್ಲೇ ಉಳಿಯುವವರಿಗೆ ನಮ್ಮ ಸಲಹೆ ಟಿ.ಇ.ಎ.ಸಿ.ಎಚ್. ಕಡೆಗೇ. ಆದರೆ ಅದೂ ಪುಕ್ಕಟೆ ದುಡ್ಡಲ್ಲ, ಮೂವರ ನಡುವಿನ ಕರಾರು: ನೀವು, ನಿಮ್ಮ ಡೇಕೇರ್, ರಾಜ್ಯದಲ್ಲಿ ಅದನ್ನು ನಡೆಸುವ ಸಂಸ್ಥೆ. ಸಾಮಾನ್ಯವಾಗಿ ಫೀಸಿನ ದೊಡ್ಡ ಪಾಲು ಸಂಸ್ಥೆಯದು, ಸಣ್ಣ ಪಾಲು ಡೇಕೇರ್‌ದು, ಉಳಿದದ್ದು ನಿಮ್ಮದು. 80-10-10ರ ಹಂಚಿಕೆ ಅಂದುಕೊಂಡರೆ, 600 ಡಾಲರಿನ ಕೋರ್ಸಿಗೆ ಸಂಸ್ಥೆ 480, ಡೇಕೇರ್ 60, ನೀವು 60. ಪುಸ್ತಕಕ್ಕೆ, ಓಡಾಟಕ್ಕೆ ಸ್ವಲ್ಪ ಸೇರುತ್ತದೆ. ಓದಲು ವಾರಕ್ಕೆ ಕೆಲವು ಗಂಟೆ ಸಂಬಳಸಹಿತ ಬಿಡುವು ಇರುತ್ತದೆ. ಕರಾರಿನ ಅವಧಿಯಲ್ಲಿ ಒಪ್ಪಿಕೊಂಡಷ್ಟು ಕ್ರೆಡಿಟ್ ಮುಗಿಸಿದರೆ ಕೊನೆಯಲ್ಲಿ ಬೋನಸ್ ಅಥವಾ ಸಂಬಳ ಏರಿಕೆ. ಅದಕ್ಕೆ ಬದಲಾಗಿ ನೀವು ಅದೇ ಡೇಕೇರ್‌ನಲ್ಲಿ, ಕೆಲವು ಮಾದರಿಗಳಲ್ಲಿ ಆ ಕ್ಷೇತ್ರದಲ್ಲಿ, ಆರು ತಿಂಗಳಿಂದ ಒಂದು ವರ್ಷ ಉಳಿಯಬೇಕು. ಅಂಕಿಗಳು ರಾಜ್ಯದಿಂದ ರಾಜ್ಯಕ್ಕೆ ಬೇರೆ. ಲೆಕ್ಕಕ್ಕೆ ಬರುವುದು ನೀವು ವಾಸಿಸುವ ರಾಜ್ಯವಲ್ಲ, ಕೆಲಸ ಮಾಡುವ ರಾಜ್ಯ.

ಇಲ್ಲಿ ಮೊದಲು ಕೆಡುವುದು ಬಿಡುವಿನ ಗಂಟೆ. ಡೈರೆಕ್ಟರ್ ಒಳ್ಳೆಯವರೇ ಇರುತ್ತಾರೆ, ಸಹಿ ಹಾಕಿರುತ್ತಾರೆ. ಆದರೆ ಶಿಶುಗಳ ಕೋಣೆಯಲ್ಲಿ ನಾಲ್ಕು ಮಕ್ಕಳಿಗೆ ಒಬ್ಬ ದೊಡ್ಡವರು ಎಂಬ ನಿಯಮ ಹಲವು ರಾಜ್ಯಗಳಲ್ಲಿದೆ. ಎಂಟು ಶಿಶುಗಳ ಕೋಣೆಯಿಂದ ನೀವು ಮಂಗಳವಾರ ಎರಡು ಗಂಟೆ ಹೊರಗೆ ಹೋದರೆ ಅಲ್ಲಿ ಇನ್ನೊಬ್ಬರು ನಿಲ್ಲಲೇಬೇಕು. ಬದಲಿ ಜನ ಇಲ್ಲದ ದಿನ ನಿಮ್ಮ ಬಿಡುವು ಹಾರಿಹೋಗುತ್ತದೆ, ಆಮೇಲೆ ಅದೇ ರೂಢಿಯಾಗುತ್ತದೆ. ಸಹಿಗೆ ಮೊದಲೇ ಕೇಳಿ: ಯಾವ ದಿನ, ಎಷ್ಟು ಹೊತ್ತಿಗೆ, ನನ್ನ ಜಾಗದಲ್ಲಿ ಯಾರು? ಮೂರನೆಯ ಪ್ರಶ್ನೆಗೆ ಒಬ್ಬರ ಹೆಸರು ಬರದಿದ್ದರೆ ಆ ಬಿಡುವು ಕಾಗದದ ಮೇಲೆ ಮಾತ್ರ. ಸಿಕ್ಕ ಗಂಟೆಗಳನ್ನು ದಿನಾಂಕ ಸಮೇತ ಬರೆದಿಡಿ. ಆ ಗಂಟೆಗಳ ಸಂಬಳದಲ್ಲಿ ಒಂದು ಪಾಲು ಸಂಸ್ಥೆಯಿಂದ ಡೇಕೇರ್‌ಗೆ ವಾಪಸ್ ಬರುತ್ತದೆ, ಅದಕ್ಕೆ ಲೆಕ್ಕ ಬೇಕು.

ಎರಡನೆಯದು ಕೆಲಸ ಬದಲಾವಣೆ. ಮಧ್ಯದಲ್ಲಿ ಗಂಟೆಗೆ ಎರಡು ಡಾಲರ್ ಹೆಚ್ಚು ಕೊಡುವ ಕಡೆ ಹೋದರೆ ಅದುವರೆಗಿನ ನೆರವನ್ನು ಹಿಂದಿರುಗಿಸಬೇಕಾಗಬಹುದು. ನೀವಾಗಿ ಬಿಟ್ಟರೆ ಏನು, ಅವರೇ ತೆಗೆದರೆ ಏನು, ಡೇಕೇರ್ ಮುಚ್ಚಿದರೆ ಅಥವಾ ಮಾರಾಟವಾದರೆ ಏನು, ಈ ನಾಲ್ಕಕ್ಕೂ ಕರಾರಿನಲ್ಲಿ ಬೇರೆ ಬೇರೆ ಉತ್ತರ ಇರಬಹುದು. ನಾಲ್ಕನ್ನೂ ಹುಡುಕಿ ಓದಿ. ಸಿಗದಿದ್ದರೆ ಸಂಸ್ಥೆಗೆ ಇಮೇಲ್ ಮಾಡಿ, ಉತ್ತರವನ್ನೂ ಇಮೇಲ್‌ನಲ್ಲೇ ತರಿಸಿಕೊಳ್ಳಿ. ಫೋನಿನಲ್ಲಿ ಹೇಳಿದ್ದು ಆರು ತಿಂಗಳ ಮೇಲೆ ಯಾರಿಗೂ ನೆನಪಿರುವುದಿಲ್ಲ.

ರಸೀದಿಗಳ ಗೋಳು ಚಿಕ್ಕದು, ಆದರೆ ದುಡ್ಡು ಹೆಚ್ಚಾಗಿ ಸೋರುವುದು ಅಲ್ಲೇ. ಮೊದಲೇ ಒಪ್ಪಿಗೆ ಪಡೆಯದ ಕೋರ್ಸಿಗೆ, ಗಡುವು ಮೀರಿ ಕಳಿಸಿದ ರಸೀದಿಗೆ ದುಡ್ಡು ಬರುವುದಿಲ್ಲ. ಪುಸ್ತಕದ ಹೆಸರಿಲ್ಲದ ರಸೀದಿ ತಿರುಗಿ ಬರುತ್ತದೆ.

ಫೆಡರಲ್ ನೆರವು ಪಡೆಯುತ್ತಿದ್ದು ಸೆಮಿಸ್ಟರಿನ ಶೇ. 60 ಮುಗಿಯುವ ಮೊದಲೇ ಎಲ್ಲ ಕೋರ್ಸುಗಳನ್ನೂ ಬಿಟ್ಟರೆ, ಓದಿದ ದಿನಗಳಿಗೆ ತಕ್ಕಷ್ಟು ಮಾತ್ರ ನಿಮ್ಮದು. ಉಳಿದದ್ದು ಸರ್ಕಾರಕ್ಕೆ ವಾಪಸ್ ಹೋಗುತ್ತದೆ, ಕಾಲೇಜು ಆ ಬಾಕಿಯನ್ನು ನಿಮ್ಮ ಹೆಸರಿಗೆ ಬರೆಯಬಹುದು. 15 ವಾರದ ಸೆಮಿಸ್ಟರಿನಲ್ಲಿ ಆ ಗೆರೆ ಒಂಬತ್ತನೆಯ ವಾರ ಮುಗಿಯುವ ಹೊತ್ತಿಗೆ ಬರುತ್ತದೆ. ಮಗುವಿಗೆ ಜ್ವರ, ಊರಿಂದ ಕೆಟ್ಟ ಸುದ್ದಿ, ಏನೇ ಬರಲಿ, ಕೋರ್ಸ್ ಬಿಡುವ ಮುನ್ನ ದಿನ ಎಣಿಸಿ. ಜೊತೆಗೆ ಟಿ.ಇ.ಎ.ಸಿ.ಎಚ್. ಸಂಸ್ಥೆಗೂ ತಿಳಿಸಿ, ಅಲ್ಲಿಯ ಕ್ರೆಡಿಟ್ ಲೆಕ್ಕ ಬೇರೆಯೇ.

ಎಚ್-4 ವೀಸಾದಲ್ಲಿರುವವರು (ಎಚ್-1ಬಿ ಕೆಲಸದ ವೀಸಾದವರ ಗಂಡ ಅಥವಾ ಹೆಂಡತಿ) ಈ ಭಾಗವನ್ನು ಎರಡು ಸಲ ಓದಿ. ಕೆಲಸದ ಪರವಾನಗಿ ಇದ್ದರೂ ಎಚ್-4ನವರಿಗೆ ಫೆಡರಲ್ ವಿದ್ಯಾರ್ಥಿ ನೆರವು ಇಲ್ಲ. ಕಡಿಮೆ ಆದಾಯದ ವಿದ್ಯಾರ್ಥಿಗಳಿಗೆ ಕೊಡುವ ಪೆಲ್ ಗ್ರ್ಯಾಂಟೂ ಇಲ್ಲ, ಟೀಚ್ ಗ್ರ್ಯಾಂಟೂ ಇಲ್ಲ. ಫೆಡರಲ್ ನೆರವಿಗೆ ಹಾಕುವ ಫಾಫ್ಸಾ ಅರ್ಜಿಯಲ್ಲಿ 'ಅರ್ಹ ವಿದೇಶಿ' ಎಂಬಲ್ಲಿ ಟಿಕ್ ಮಾಡಿಬಿಡಿ, ಏನಾಗಲ್ಲ ಎಂದು ಯಾರಾದರೂ ಹೇಳಿದರೆ ಕೇಳಬೇಡಿ. ಸುಳ್ಳು ಹೇಳಿಕೆ ಮುಂದೆ ಗ್ರೀನ್ ಕಾರ್ಡಿನ ಹೊತ್ತಿಗೆ ಎದುರಾಗುತ್ತದೆ. ರಾಜ್ಯದ ಟಿ.ಇ.ಎ.ಸಿ.ಎಚ್. ನಿಯಮ ಬೇರೆ ಇರಬಹುದು, ಅಲ್ಲಿ ಕೇಳಿ. ಸಿಕ್ಕರೂ ಒಂದು ಅಪಾಯ ಉಳಿಯುತ್ತದೆ. ಪರವಾನಗಿ ಮುಗಿದ ದಿನ ಕೆಲಸ ನಿಲ್ಲುತ್ತದೆ, ಕೆಲಸ ನಿಂತರೆ ಕರಾರು ಮುರಿದಂತೆ. ನವೀಕರಣದ ಅರ್ಜಿ ಹಾಕಿದವರಿಗೆ ತಾನಾಗಿ ಸಿಗುತ್ತಿದ್ದ ವಿಸ್ತರಣೆಯನ್ನು 2025ರ ಅಕ್ಟೋಬರ್ 30ರಿಂದ ಸಲ್ಲಿಸಿದ ಅರ್ಜಿಗಳಿಗೆ ತೆಗೆದಿದ್ದಾರೆ. ಅವಧಿ ಮುಗಿಯುವ 180 ದಿನ ಮೊದಲೇ ಅರ್ಜಿ ಹಾಕಲು ಅವಕಾಶವಿದೆ, ಅದೇ ದಿನ ಹಾಕಿ. ಕರಾರಿನ ಕೊನೆಯ ದಿನಾಂಕ ಪರವಾನಗಿಯ ಕೊನೆಯ ದಿನಾಂಕಕ್ಕಿಂತ ಆಚೆಗಿದ್ದರೆ ಅದನ್ನು ಸಂಸ್ಥೆಗೆ ಮೊದಲೇ ಹೇಳಿಬಿಡಿ.

ಭಾರತದ ಪದವಿ ಇರುವವರಿಗೂ ಒಂದು ಮಾತು. ಬಿ.ಎ., ಬಿ.ಎಸ್ಸಿ. ಇಲ್ಲಿಯ ಬ್ಯಾಚುಲರ್‌ಗೆ ಸಮ ಎಂದು ಪರಿಗಣನೆಯಾದರೆ ಗ್ರೀನ್ ಕಾರ್ಡ್ ಇದ್ದರೂ ಪೆಲ್ ಸಿಗುವುದಿಲ್ಲ, ಅದು ಮೊದಲ ಪದವಿಗೆ ಮಾತ್ರ. ಮುಚ್ಚಿಟ್ಟು ಅರ್ಜಿ ಹಾಕಬೇಡಿ. ಅದೇ ಪದವಿಯನ್ನು ಕೋರ್ಸ್‌ವಾರು ಮೌಲ್ಯಮಾಪನ ಮಾಡಿಸಿದರೆ ಹತ್ತಾರು ಕ್ರೆಡಿಟ್ ಉಳಿಯಬಹುದು. ಅಗ್ಗವೆಂದು ಬರೀ ಪದವಿಯನ್ನು ದೃಢಪಡಿಸುವ ವರದಿ ತರಿಸಿದರೆ ಕ್ರೆಡಿಟ್‌ಗೆ ಅದು ಉಪಯೋಗಕ್ಕೆ ಬರುವುದಿಲ್ಲ, ಮತ್ತೆ ದುಡ್ಡು ಕಟ್ಟಬೇಕು. ಡೇಕೇರ್ ಶಿಕ್ಷಕರ ಅರ್ಹತಾ ಪತ್ರವಾದ ಸಿಡಿಎ ಸರ್ಟಿಫಿಕೇಟಿಗೆ ಬೇಕಾದ 120 ಗಂಟೆ ತರಬೇತಿಯದೂ ಇದೇ ಕಥೆ. ಆನ್‌ಲೈನ್ ತರಬೇತಿ ಕಂಪನಿಯಲ್ಲಿ ಮುಗಿಸಿದರೆ ಸಿಡಿಎಗೆ ನಡೆಯುತ್ತದೆ, ಆದರೆ ಕಾಲೇಜು ಅದನ್ನು ಕ್ರೆಡಿಟ್ ಎಂದು ಒಪ್ಪಬೇಕೆಂದಿಲ್ಲ. ಮುಂದೆ ಪದವಿ ಮಾಡುವ ಮನಸ್ಸಿದ್ದರೆ ಆ ಗಂಟೆಗಳನ್ನು ಕಮ್ಯುನಿಟಿ ಕಾಲೇಜಿನ ಕ್ರೆಡಿಟ್ ಕೋರ್ಸುಗಳಲ್ಲೇ ಮಾಡಿ.

ಈಗ ಆ ಪತ್ರ ಬಂದವರ ವಿಷಯ. ಅವರಿಗೆ ದಾರಿ ಪೂರ್ತಿ ಮುಚ್ಚಿಲ್ಲ. ಓದು ಮುಗಿದದ್ದು 2025ರ ಮೇ, ಎಂಟು ವರ್ಷ ಅಂದರೆ 2033ರ ಮೇ. ನಾಲ್ಕು ಶಾಲಾ ವರ್ಷ ಅದರೊಳಗೆ ಹಿಡಿಸಬೇಕಾದರೆ ತಡವೆಂದರೆ 2029ರ ಬೇಸಿಗೆ ರಜೆ ಮುಗಿದು ಶಾಲೆ ತೆರೆಯುವ ಹೊತ್ತಿಗೆ ಅರ್ಹ ಶಾಲೆಯಲ್ಲಿ ಇರಬೇಕು. ಮಧ್ಯೆ ಒಂದು ವರ್ಷ ಕೈ ತಪ್ಪಿದರೂ ಲೆಕ್ಕ ಕೂಡದು, ಹಾಗಾಗಿ 2027ಕ್ಕೇ ಸೇರುವುದು ಮೇಲು. ಅದಕ್ಕೆ ರಾಜ್ಯದ ಟೀಚಿಂಗ್ ಲೈಸೆನ್ಸ್ ಬೇಕಾಗಬಹುದು, ಆ ಪರೀಕ್ಷೆಗಳಿಗೆ ಈಗಲೇ ಕೂರಬೇಕು. ಕೆಲಸ ಒಪ್ಪಿಕೊಳ್ಳುವ ಮೊದಲು ಶಾಲೆಯ ಹೆಸರು ಡೈರೆಕ್ಟರಿಯಲ್ಲಿ ಆ ವರ್ಷಕ್ಕೆ ಇದೆಯೇ ಎಂದು ನೋಡಿ ಪುಟವನ್ನು ಪ್ರಿಂಟ್ ತೆಗೆದಿಟ್ಟುಕೊಳ್ಳಬೇಕು. ತಾವು ಕಲಿಸುವ ತರಗತಿ ಕೊರತೆಯ ವಿಷಯವಾಗಿ ಲೆಕ್ಕಕ್ಕೆ ಬರುತ್ತದೆಯೇ ಎಂದು ಸಾಲ ನಿರ್ವಹಿಸುವ ಕಂಪನಿಯಿಂದ ಬರಹದಲ್ಲಿ ತರಿಸಿಕೊಳ್ಳಬೇಕು. ಡೇಕೇರ್ ಬಿಡುವ ಮನಸ್ಸೇ ಇಲ್ಲ ಅಂತಾದರೆ 2029ರವರೆಗೆ ಕಾಯುವುದು ನಷ್ಟ. ಗ್ರ್ಯಾಂಟನ್ನು ಈಗಲೇ ಸಾಲವಾಗಿ ಬದಲಿಸಿ ಎಂದು ತಾವಾಗಿ ಬರೆದುಕೊಟ್ಟು ತೀರಿಸಲು ಶುರುಮಾಡಿದರೆ, ವರ್ಷಕ್ಕೆ 227 ಡಾಲರಿನಂತೆ ಬೆಳೆಯುತ್ತಿರುವ ಬಡ್ಡಿ ಅಷ್ಟರಮಟ್ಟಿಗೆ ಇಳಿಯುತ್ತದೆ.